ತುರ್ತಾಗಿ ಪದ ಬೇಕು: ಕನ್ಸ್ಯೂಮರ್ ಕಾನ್ಫಿಡೆನ್ಸ್

ಹುಬ್ಬಳ್ಳಿಯಿಂದ:
ಆರ್ಥಿಕ ಸ್ಥಿತಿಯ ಬಗ್ಗೆ ಜನರ ಅನಿಸಿಕೆ ತಿಳಿಯಲು ರಿಸರ್ವ್ ಬ್ಯಾಂಕ್ ಎರಡು ತಿಂಗಳಿಗೊಮ್ಮೆ ನಗರಗಳಲ್ಲಿ ಮಾಡುವ ಕನ್ಸ್ಯೂಮರ್ ಕಾನ್ಫಿಡೆನ್ಸ್ ಸಮೀಕ್ಷೆಯ ಧಾಟಿಯಲ್ಲೇ ನಮ್ಮ ವಿದ್ಯಾರ್ಥಿಗಳು ಕೇಶ್ವಾಪುರದ ಕಡೆ ಮನೆಮನೆಗೆ ಹೋಗಿ ಕೇಳಲಿದ್ದಾರೆ. (ಅವರ ಪಟ್ಟಿಯಲ್ಲಿ ಬೆಂಗಳೂರಿದೆ, ನಾವಿಲ್ಲ.) ಪ್ರಶ್ನಾವಳಿ ಸಂಜೆ ಪ್ರೆಸ್ಸಿಗೆ ಹೋಗಬೇಕು. ಪತ್ರಿಕೆಗಳ ‘ಗ್ರಾಹಕ ವಿಶ್ವಾಸ’ ಹಾಕಿದರೆ ಅಂಗಡಿಯವರು ಗಿರಾಕಿಯನ್ನು ನಂಬಿ ಉದ್ರಿ ಕೊಟ್ಟಂತೆ ಕೇಳಿಸುತ್ತದೆ. ಬೇರೇನಾದರೂ?

ಧಾರವಾಡದಿಂದ:
ಬಳಕೆದಾರರ ನೆಚ್ಚಿಕೆ. ‘ವಿಶ್ವಾಸ’ದ ಬೇರು ಶ್ವಾಸ. ಉಸಿರಾಟಕ್ಕೂ ಪೇಟೆಗೂ ಏನು ಸಂಬಂಧ? ‘ನೆಚ್ಚು’ ಇರುವಾಗ ಸಂಸ್ಕೃತದ ಬಾಗಿಲು ತಟ್ಟುವುದು ಸೋಮಾರಿತನ.

ಗದಗಿನಿಂದ:
ಧಾತು ಹಿಡಿದು ಅರ್ಥ ಹೇಳೂದು ಬಿಡ್ರಿ. ‘ನೆಚ್ಚಿಕೆ’ ಅಂದ್ರ ಯಾವ ಅಕ್ಕಾರಿಗೆ ತಿಳೀತೈತಿ? ಅಂದಂಗ, ‘ಬಳಕೆದಾರ’ದಾಗಿನ ‘ದಾರ’ ಪಾರ್ಸಿ.

ಧಾರವಾಡದಿಂದ:
ಹಾಗಿದ್ದರೆ ‘ಬಳಸುಗ’. ತಿದ್ದಿಕೊಳ್ಳಿ.

ಹಾವೇರಿಯಿಂದ:
ಸರ, ಈ ಜಗಳ ಮುಖಪುಟಕ್ಕಷ್ಟ. ಆ ಸಮೀಕ್ಷಾದಾಗ ‘ನಿಮಗ ವಿಶ್ವಾಸ ಐತೇನು’ ಅಂತ ಯಾರೂ ಕೇಳೂದಿಲ್ಲ. ದೇಶದ ಆರ್ಥಿಕ ಸ್ಥಿತಿ, ಉದ್ಯೋಗ, ಬೆಲೆ, ಆದಾಯ, ಖರ್ಚು: ಈ ಐದೂ ಹ್ವಾದ ವರ್ಷಕ್ಕಿಂತ ಹೆಂಗ ಅದಾವು, ಬರೂ ವರ್ಷ ಹೆಂಗ ಇರ್ತಾವು, ಇಷ್ಟ. ಚಲೋ ಅಂದವರ ಶೇಕಡಾದಾಗ ಕೆಟ್ಟ ಅಂದವರದ್ದು ಕಳದು, ಐದರ ಸರಾಸರಿ ತಗದು 100ಕ್ಕ ಕೂಡಿಸ್ತಾರ, ಅದ ಸೂಚ್ಯಂಕ. 100ರ ಕೆಳಗ ಬಂದ್ರ ಕೆಟ್ಟ ಅಂದವರ ಕೈ ಮ್ಯಾಲೆ. ಈಗಿನ ಸ್ಥಿತಿಯ ಸೂಚ್ಯಂಕ 2021ರ ಮೇ ತಿಂಗಳಾಗ 48.5ಕ್ಕ ಇಳಿದಿತ್ತು.

ನಿಮಗ ಕೈ ಕೊಡೂದು ಬೆಲೆಯ ಪ್ರಶ್ನಿ. ‘ಬೆಲೆ ಸುಧಾರಿಸಿದೆಯೇ’ ಅಂತ ಅಚ್ಚು ಹಾಕಿಸಬ್ಯಾಡ್ರಿ. ಬ್ಯಾಡಗಿ ಪ್ಯಾಟ್ಯಾಗ ದರ ಸುಧಾರಿಸ್ತು ಅಂದ್ರ ಏರ್ತು ಅಂತ. ಅದ ಏರಿದ ದರಕ್ಕ ಮೆಣಸಿನಕಾಯಿ ಮಾರಾಂವ ಹೌದು ಅಂತಾನ, ಖಾರಪುಡಿ ಕೊಳ್ಳಾಕಿ ಎಲ್ಲೀದು ಅಂತಾಳ. ನಿಮ್ಮ ಹುಡುಗರು ಒಂದನ್ನ ಚಲೋ, ಒಂದನ್ನ ಕೆಟ್ಟ ಅಂತ ಬರಕೊಂಡು ಬರ್ತಾರ. ‘ಏರಿದೆ, ಹಾಗೇ ಇದೆ, ಇಳಿದಿದೆ’ ಅಂತ ಹಾಕ್ರಿ. ಏರಿದ್ದನ್ನ ಲೆಕ್ಕ ಮಾಡುಮುಂದ ಕೆಟ್ಟದ್ದಕ್ಕ ಸೇರಿಸ್ರಿ.

ಧಾರವಾಡದಿಂದ:
ನನ್ನ ಪ್ರಶ್ನೆಗೆ ಇದು ಉತ್ತರವಲ್ಲ.

ಹಾವೇರಿಯಿಂದ:
ಪ್ರಶ್ನಿ ನಿಮ್ಮದಲ್ಲರೀ.

ಹುಬ್ಬಳ್ಳಿಯಿಂದ:
ಬೆಲೆಯ ಪ್ರಶ್ನೆ ತಿದ್ದಿದೆ, ಉಪಕಾರವಾಯಿತು. ಮುಖಪುಟಕ್ಕೆ ‘ನಿಮ್ಮ ಮನೆಯ ಆದಾಯ, ಖರ್ಚು: ಒಂದು ಸಮೀಕ್ಷೆ’. ವರದಿಯಲ್ಲಿ ‘ಗ್ರಾಹಕ ವಿಶ್ವಾಸ ಸೂಚ್ಯಂಕ’ ಹಾಗೇ ಇರಲಿ, ಅದನ್ನು ಓದುವವರಿಗೆ ಅದು ರೂಢಿಯಾಗಿದೆ.

ಧಾರವಾಡದಿಂದ:
‘ಆದಾಯ’, ‘ಸಮೀಕ್ಷೆ’ ಸಂಸ್ಕೃತ. ‘ಖರ್ಚು’ ಪಾರ್ಸಿ. ಇದರಲ್ಲಿ ಕನ್ನಡ ಎಲ್ಲಿದೆ?

ಗದಗಿನಿಂದ:
‘ನಿಮ್ಮ’, ‘ಮನೆ’, ‘ಒಂದು’. ಸಾಕಲ್ಲ.