ಸಹಾಯ ಬೇಕು: ಡೆಬಿಯನ್ ಲೈವ್ ಪೆನ್‌ಡ್ರೈವ್, ರೀಸ್ಟಾರ್ಟ್ ಆದ್ರೆ ಫೈಲ್ ಕಾಣ್ತಿಲ್ಲ

ಎಲ್ಲರಿಗೂ ನಮಸ್ಕಾರ. ಗುಬ್ಬಿ ಹತ್ರದ ಒಂದು ಶಾಲೆಗೆ 32 ಜಿಬಿ ಪೆನ್‌ಡ್ರೈವ್‌ಗಳಲ್ಲಿ ಡೆಬಿಯನ್ ಲೈವ್ (ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡೋ ಲಿನಕ್ಸ್) ಹಾಕಿ ಕೊಡಬೇಕು. ಅಲ್ಲಿನ ಕಂಪ್ಯೂಟರ್‌ಗಳಲ್ಲಿ ಹಾರ್ಡ್‌ಡಿಸ್ಕೇ ಇಲ್ಲ, ಮಕ್ಕಳು ಟೈಪ್ ಮಾಡಿದ್ದು ಪೆನ್‌ಡ್ರೈವ್‌ನಲ್ಲೇ ಉಳೀಬೇಕು.

ಐಎಸ್‌ಒ ಫೈಲನ್ನ (ಡೆಬಿಯನ್‌ನ ಡಿಸ್ಕ್ ಇಮೇಜ್) ಡಿಡಿ ಕಮಾಂಡ್‌ನಲ್ಲಿ ಪೆನ್‌ಡ್ರೈವ್‌ಗೆ ಇದ್ದ ಹಾಗೇ ಬರೆದೆ. ಮಿಕ್ಕ ಜಾಗದಲ್ಲಿ ಫೈಲ್ ಉಳಿಯೋಕೆ ಒಂದು ಇಎಕ್ಸ್‌ಟಿ4 (ಲಿನಕ್ಸ್ ಫೈಲ್‌ಸಿಸ್ಟಮ್) ಪಾರ್ಟಿಷನ್, ಲೇಬಲ್ 'ಪರ್ಸಿಸ್ಟೆನ್ಸ್', ಎಲ್ಲಾ ಸಣ್ಣಕ್ಷರ. ಒಳಗೆ 'ಪರ್ಸಿಸ್ಟೆನ್ಸ್.ಕಾನ್ಫ್' ಫೈಲು, ಅದರಲ್ಲಿ ಒಂದೇ ಸಾಲು: '/ ಯೂನಿಯನ್'. ಸ್ಲ್ಯಾಶ್ ಆದ್ಮೇಲೆ ಒಂದು ಸ್ಪೇಸ್ ಇದೆ, ನೋಡಿದ್ದೀನಿ.

ಬೂಟ್ ಮೆನುವಲ್ಲಿ 'ಇ' ಒತ್ತಿ, ಲಿನಕ್ಸ್ ಅಂತ ಶುರುವಾಗೋ ಸಾಲಿನ ಕೊನೆಗೆ 'ಪರ್ಸಿಸ್ಟೆನ್ಸ್' ಸೇರಿಸಿ ಎಫ್10 ಒತ್ತಿದ್ರೆ ಹಿಂದಿನ ಫೈಲೆಲ್ಲ ಸಿಗುತ್ತೆ. ಸೇರಿಸದೆ ಬೂಟ್ ಮಾಡಿದ್ರೆ ಡೆಸ್ಕ್‌ಟಾಪ್ ಖಾಲಿ. ಅಂದ್ರೆ ಪಾರ್ಟಿಷನ್ ಸರಿ ಇದೆ, ಆ ಒಂದು ಪದ ಮೆನುವಲ್ಲಿ ಕಾಯಂ ಆಗಬೇಕು ಅಷ್ಟೆ. ಐದನೇ ಕ್ಲಾಸಿನ ಮಗು ದಿನಾ ಇದನ್ನ ಟೈಪ್ ಮಾಡೋದು ಆಗದ ಮಾತು.

ಗ್ರಬ್.ಸಿಎಫ್‌ಜಿ (ಬೂಟ್ ಮೆನು ತೋರಿಸೋ ಗ್ರಬ್‌ನ ಸೆಟ್ಟಿಂಗ್ ಫೈಲು) ತಿದ್ದೋಕೆ ಹೋದ್ರೆ 'ರೀಡ್-ಓನ್ಲಿ' ಅನ್ನುತ್ತೆ. ಡಿಡಿಯಲ್ಲಿ ಬರೆದಾಗ ಐಎಸ್‌ಒ 9660 (ಸಿಡಿಗಳಲ್ಲಿರೋ, ಓದೋಕಷ್ಟೇ ಆಗೋ ಫೈಲ್‌ಸಿಸ್ಟಮ್) ಹಾಗೇ ಕೂತಿರೋದ್ರಿಂದ ಅದನ್ನ ತಿದ್ದೋಕಾಗಲ್ಲ.

ನನ್ನ ಪ್ರಶ್ನೆ: ಡಿಡಿ ಬಿಟ್ಟು, ಮೊದಲ ಪಾರ್ಟಿಷನ್ ಫ್ಯಾಟ್32 ಮಾಡಿ ಐಎಸ್‌ಒ ಒಳಗಿನ ಫೈಲ್‌ಗಳನ್ನ ಕಾಪಿ ಮಾಡಿ ಗ್ರಬ್.ಸಿಎಫ್‌ಜಿ ತಿದ್ದಿದ್ರೆ ಯುಇಎಫ್‌ಐನಲ್ಲಿ (ಹೊಸ ಮಷಿನ್‌ಗಳ ಬೂಟ್ ವ್ಯವಸ್ಥೆ) ಬೂಟ್ ಆಗುತ್ತಾ? ಸ್ಕ್ವಾಷ್‌ಎಫ್‌ಎಸ್ ಫೈಲು (ಇಡೀ ಸಿಸ್ಟಮ್ ಇರೋ ದೊಡ್ಡ ಫೈಲು) ಫ್ಯಾಟ್32 ಮಿತಿಯಾದ 4 ಜಿಬಿ ಒಳಗೇ ಇದೆ. ಎರಡು ಹಳೇ ಮಷಿನ್‌ಗಳಲ್ಲಿ ಬರೀ ಬಯೋಸ್ (ಹಳೇ ಬೂಟ್ ವ್ಯವಸ್ಥೆ) ಇದೆ. ಅದೇ ಪೆನ್‌ಡ್ರೈವ್ ಅವಕ್ಕೂ ಆಗಬೇಕಾದ್ರೆ ಗ್ರಬ್ ಬೇರೆ ಇನ್‌ಸ್ಟಾಲ್ ಮಾಡ್ಬೇಕಾ, ಸಿಸ್‌ಲಿನಕ್ಸ್ (ಗ್ರಬ್ ಥರದ್ದೇ ಇನ್ನೊಂದು ಬೂಟ್‌ಲೋಡರ್) ಸಾಕಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.