ಮನಃಶಾಸ್ತ್ರ ಮೇಜರ್ ತಗೊಂಡು ಡಿಗ್ರಿ ಮಾಡಿದವರು ಅನುಭವ ಹೇಳಿ (ದುರ್ಗ–ದಾವಣಗೆರೆ ಕಡೆಯವರು)

ದುರ್ಗದ ಅಪ್ಪ: ಮಗಳದು ಸೆಕೆಂಡ್ ಪಿಯುಸಿ ಆರ್ಟ್ಸ್ ಮುಗಿದಿದೆ. ಓದಿದ್ದೆಲ್ಲ ಕನ್ನಡ ಮಾಧ್ಯಮ. ಬಿಎನಲ್ಲಿ ಮನಃಶಾಸ್ತ್ರವೇ ಬೇಕು ಅಂತ ಹಟ ಹಿಡಿದಿದ್ದಾಳೆ. ನನ್ನದು ಚಿಕ್ಕ ಕಿರಾಣಿ ಅಂಗಡಿ. ದಾವಣಗೆರೆಯಲ್ಲಿ ಓದಿಸಿದರೆ ಸಾಕಾ, ಬೆಂಗಳೂರಿಗೇ ಕಳಿಸಬೇಕಾ?

ವಿದ್ಯಾನಗರ ವಾಣಿ: ನಾನು ದಾವಣಗೆರೆಯಲ್ಲೇ ಬಿಎ ಮಾಡಿದವಳು. ಡಿಗ್ರಿ ಫೀಸಿಗೆ ತಲೆ ಕೆಡಿಸಿಕೊಳ್ಳಬೇಡಿ, ಅದು ಲೆಕ್ಕಕ್ಕೇ ಇಲ್ಲ. ಖರ್ಚು ಶುರುವಾಗುವುದು ಡಿಗ್ರಿ ಕೈಗೆ ಬಂದ ಮೇಲೆ. ಎಂಎಸ್ಸಿಗೆ ಬೆಂಗಳೂರಿಗೆ ಹೋದೆ. ಪಿಜಿ ಬಾಡಿಗೆ 8,500. ಅಡ್ವಾನ್ಸ್ 10,000 ಕೊಟ್ಟಿದ್ದೆ, ಬಿಡುವಾಗ ಪೇಂಟಿಂಗ್ ಅಂತ 2,500 ಮುರಿದುಕೊಂಡರು. ಗೋಡೆಗೆ ನಾನು ಒಂದು ಮೊಳೆಯನ್ನೂ ಹೊಡೆದಿರಲಿಲ್ಲ. ಇಂಟರ್ನ್‌ಶಿಪ್‌ಗೆ ಸಂಬಳ ಇಲ್ಲ, ಬದಲಿಗೆ ನಾವೇ 6,000 ಕಟ್ಟಬೇಕು. ಮೂಲೆಯಲ್ಲಿ ಕೂತು ಫೈಲ್ ನೋಡಿದ್ದಕ್ಕೆ ಸರ್ಟಿಫಿಕೇಟ್ ಸಿಕ್ಕಿತು. ಎಂಫಿಲ್ ಕ್ಲಿನಿಕಲ್ (ಮಾನಸಿಕ ಕಾಯಿಲೆಯವರನ್ನು ನೋಡುವ ಸೈಕಾಲಜಿಸ್ಟ್ ಆಗುವ ಓದು) ಎಂಟ್ರೆನ್ಸ್ ಬರೆದೆ, ಸೀಟು ಕೈ ಬೆರಳೆಣಿಕೆ, ಸಿಗಲಿಲ್ಲ. ಈಗ ಒಂದು ಖಾಸಗಿ ಶಾಲೆಯಲ್ಲಿ ಕೌನ್ಸೆಲರ್, 14,000 ಸಂಬಳ. ಟೀಚರ್ ರಜೆ ಹಾಕಿದರೆ ಆ ಪೀರಿಯಡ್ಡೂ ನನ್ನದೇ. ಪರೀಕ್ಷೆ ಡ್ಯೂಟಿಯೂ ನನ್ನದೇ. ಆದರೂ ಇಷ್ಟಪಟ್ಟು ಓದಿದ್ದೇನೆ, ಯಾರೂ ಬುದ್ಧಿ ಹೇಳಲು ಬರಬೇಡಿ.

ಹರಿಹರದ ಹುಡುಗ: ಮನಃಶಾಸ್ತ್ರ ಅಂದರೆ ಕತೆ ಕೇಳಿಕೊಂಡು ಕೂರುವುದು ಅಂದುಕೊಂಡು ಬರುವವರು ಜಾಸ್ತಿ. ಲೆಕ್ಕ ಬೇಡ ಅಂತಲೇ ಆರ್ಟ್ಸ್‌ಗೆ ಬಂದವರ ಎದುರಿಗೆ ಸ್ಟ್ಯಾಂಡರ್ಡ್ ಡೀವಿಯೇಷನ್, ಟಿ-ಟೆಸ್ಟ್, ಕೈ-ಸ್ಕ್ವೇರ್ ಅಂತ ಸ್ಟ್ಯಾಟಿಸ್ಟಿಕ್ಸ್ ಲೆಕ್ಕಗಳು ಬಂದು ನಿಲ್ಲುತ್ತವೆ. ನಮ್ಮ ಕ್ಲಾಸಿನಲ್ಲಿ ಅರ್ಧ ಜನ ಅಲ್ಲೇ ಉದುರಿದರು. ನಾನು ಉದುರಲಿಲ್ಲ.

ಇನ್ನು ಪ್ರಾಕ್ಟಿಕಲ್. ಪ್ರತಿ ಪ್ರಯೋಗಕ್ಕೂ ಒಬ್ಬ ಸಬ್ಜೆಕ್ಟ್ ಬೇಕು, ಅಂದರೆ ಪ್ರಯೋಗಕ್ಕೆ ಕೂರುವವನು. ಕನ್ನಡಿ ಪ್ರಯೋಗಕ್ಕೆ ನನ್ನ ಚಿಕ್ಕಪ್ಪನ ಮಗನನ್ನು ಮಿರ್ಚಿ ಮಂಡಕ್ಕಿ ಆಸೆ ತೋರಿಸಿ ಕರೆದುಕೊಂಡು ಹೋಗಿದ್ದೆ. ಕಾಗದದ ಮೇಲೆ ಎರಡು ಗೆರೆಯ ನಕ್ಷತ್ರ ಇರುತ್ತದೆ. ಕೈ ಕಾಣದ ಹಾಗೆ ಹಲಗೆ ಅಡ್ಡ ಇಟ್ಟು, ಕನ್ನಡಿಯಲ್ಲಿ ಮಾತ್ರ ನೋಡಿಕೊಂಡು ಆ ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು. ಮೂಲೆ ಬಂದ ಕೂಡಲೇ ಕೈ ಉಲ್ಟಾ ಎಳೆಯುತ್ತದೆ. ಅವನು ಬೆವರು ಒರೆಸಿಕೊಂಡು ‘ಕನ್ನಡಿ ಸರಿ ಇಲ್ಲ ಕಣೋ’ ಅಂದ. ಗೆರೆ ದಾಟಿದ್ದನ್ನೆಲ್ಲ ನಾನು ಎಣಿಸುತ್ತಾ ಕೂತಿದ್ದೆ. ಬಲಗೈಯಲ್ಲಿ ಅಭ್ಯಾಸ ಮಾಡಿದ ಮೇಲೆ ಎಡಗೈಗೂ ಅದು ಸುಲಭವಾಗುತ್ತದೆ, ಆ ಪ್ರಯೋಗದಲ್ಲಿ ನೋಡಬೇಕಾದ್ದು ಅದೇ. ಈಗ ಬ್ಯಾಂಕಿನಲ್ಲಿದ್ದೇನೆ. ಆ ಸ್ಟ್ಯಾಟಿಸ್ಟಿಕ್ಸ್ ಇಲ್ಲದಿದ್ದರೆ ಬ್ಯಾಂಕ್ ಪರೀಕ್ಷೆಯ ಲೆಕ್ಕ ನೋಡಿ ಹೆದರುತ್ತಿದ್ದೆ.

ವಿದ್ಯಾನಗರ ವಾಣಿ: ಬ್ಯಾಂಕಿಗೇ ಹೋಗುವುದಾದರೆ ಬಿಕಾಂ ಮಾಡಬಹುದಿತ್ತಲ್ವಾ?

ಹರಿಹರದ ಹುಡುಗ: ಸಂಬಳದ ದಿನ ನಿಮ್ಮ ಪಾಸ್‌ಬುಕ್ಕೂ ನನ್ನ ಪಾಸ್‌ಬುಕ್ಕೂ ಪಕ್ಕಪಕ್ಕ ಇಟ್ಟು ಮಾತಾಡೋಣ.

ಪಿ.ಬಿ. ರಸ್ತೆ: ಇಷ್ಟೆಲ್ಲ ಓದೇ ಬೇಡ. ನಾನು ಬಿಎ ಆದ ಮೇಲೆ ಆರು ತಿಂಗಳ ಡಿಪ್ಲೊಮಾ ಮಾಡಿದೆ, ಪೂರ್ತಿ ಖರ್ಚು 18,000. ಮನೆಯ ಮುಂದಿನ ರೂಮಿನಲ್ಲೇ ಕೌನ್ಸೆಲಿಂಗ್ ಮಾಡುತ್ತೇನೆ. ಬೋರ್ಡಿಗೆ 3,200, ಎರಡು ಕುರ್ಚಿ, ಒಂದು ಫ್ಯಾನ್. ಮೊದಲ ವರ್ಷ ನೊಣ ಹೊಡೆದುಕೊಂಡು ಕೂತಿದ್ದೆ. ಬಂದವರಲ್ಲಿ ಅರ್ಧ ಜನ ‘ನನ್ನ ಮನಸ್ಸಲ್ಲಿ ಏನಿದೆ ಹೇಳಿ ನೋಡೋಣ’ ಅನ್ನುವವರೇ. ಈಗ ಪರವಾಗಿಲ್ಲ.

ವಿದ್ಯಾನಗರ ವಾಣಿ: ಬೋರ್ಡಿನಲ್ಲಿ ಏನಂತ ಬರೆಸಿದ್ದೀರಿ? ‘ಕ್ಲಿನಿಕಲ್ ಸೈಕಾಲಜಿಸ್ಟ್’ ಅಂತ ಇದ್ದರೆ ಇವತ್ತೇ ಇಳಿಸಿ. ಆ ಹೆಸರು ಯಾರಿಗೆ ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೇ ಇದೆ. ಭಾರತೀಯ ಪುನರ್ವಸತಿ ಮಂಡಳಿ (ಆರ್‌ಸಿಐ) ಒಪ್ಪಿದ ಓದು ಬೇಕು, ಅದರ ರಿಜಿಸ್ಟರಿನಲ್ಲಿ ನಂಬರ್ ಬೇಕು. ನಾವು ಆ ನಂಬರಿಗಾಗಿ ಒದ್ದಾಡಿದರೆ ನೀವು 3,200 ಕೊಟ್ಟು ಬೋರ್ಡ್ ಬರೆಸಿಕೊಂಡಿದ್ದೀರಿ!

ಪಿ.ಬಿ. ರಸ್ತೆ: ‘ಆಪ್ತ ಸಮಾಲೋಚಕ’ ಅಂತ ಬರೆಸಿದ್ದೇನೆ ತಾಯಿ. ಮಾತ್ರೆ ಬೇಕಾದವರನ್ನು ಮನೋವೈದ್ಯರ ಹತ್ತಿರ ಕಳಿಸುತ್ತೇನೆ. ಸೀಟು ಸಿಗದ ಸಿಟ್ಟು ನನ್ನ ಮೇಲೆ ಯಾಕೆ?

ಹೊಳಲ್ಕೆರೆ ಗೃಹಿಣಿ: ಜಗಳ ಆಮೇಲೆ ಆಡಿ. ಎಂಫಿಲ್ ಎಂಫಿಲ್ ಅಂತೀರಲ್ಲ, ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಅದನ್ನು 2022ರ ನಿಯಮದಲ್ಲೇ ಕೈಬಿಟ್ಟಿದೆ. ಕ್ಲಿನಿಕಲ್‌ಗೆ, ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್‌ಗೆ ಮಾತ್ರ 2025-26ರವರೆಗೆ ಅವಕಾಶ ಕೊಟ್ಟರು. ಈ ಹುಡುಗಿ ಡಿಗ್ರಿ ಮುಗಿಸುವಷ್ಟರಲ್ಲಿ ದಾರಿಯೇ ಬೇರೆ ಇರುತ್ತದೆ.

ನಾನು ಮದುವೆಯಾಗಿ ಮಗು ಆದ ಮೇಲೆ ದೂರ ಶಿಕ್ಷಣದಲ್ಲಿ ಎಂಎ ಮಾಡಿದೆ. ಮಗು ಮಲಗಿದ ಮೇಲೆ ಅಸೈನ್‌ಮೆಂಟ್ ಬರೆಯುತ್ತಿದ್ದೆ. ಪೋಸ್ಟಿನಲ್ಲಿ ಕಳಿಸಿದ್ದು ತಲುಪಿಲ್ಲ ಅಂದರು, ಮತ್ತೆ ಪೂರ್ತಿ ಕೈಯಲ್ಲೇ ಬರೆದೆ. ಸ್ಪೀಡ್ ಪೋಸ್ಟಿಗೆ, ಜೆರಾಕ್ಸಿಗೆ ಹೋದ ದುಡ್ಡು ಬೇರೆ. ಈಗ ಆ ಬಾಗಿಲೂ ಮುಚ್ಚಿತು. 2025ರ ಜುಲೈ ಪ್ರವೇಶದಿಂದ ಮನಃಶಾಸ್ತ್ರವನ್ನು ದೂರ ಶಿಕ್ಷಣದಲ್ಲಿ, ಆನ್‌ಲೈನ್‌ನಲ್ಲಿ ಕೊಡಬಾರದು ಅಂತ ಯುಜಿಸಿ ಹೇಳಿದೆ. ನನ್ನಂಥವರು ಇನ್ನು ಓದುವುದು ಹೇಗೆ?

ವಿದ್ಯಾನಗರ ವಾಣಿ: ಒಳ್ಳೆಯದೇ ಆಯಿತು. ಒಬ್ಬ ರೋಗಿಯ ಮುಖ ನೋಡದೆ ಎಂಎ ಮಾಡಿದರೆ ಏನು ಬಂತು?

ಹೊಳಲ್ಕೆರೆ ಗೃಹಿಣಿ: ನಿಮ್ಮ ಹಾಗೆ 8,500 ಬಾಡಿಗೆ ಕಟ್ಟಿಕೊಂಡು ಇರುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ. ಬೆಳಗ್ಗೆ ಐದಕ್ಕೆ ಎದ್ದು ದನದ ಕೊಟ್ಟಿಗೆ ನೋಡಿ ಆಮೇಲೆ ಹೇಳಿ.

ಜಗಳೂರು ಎಂಎಸ್‌ಡಬ್ಲ್ಯೂ: ನಾನು ಬಿಎನಲ್ಲಿ ಮನಃಶಾಸ್ತ್ರ ಓದಿ ಎಂಎಸ್‌ಡಬ್ಲ್ಯೂಗೆ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ತಿರುಗಿಕೊಂಡವನು. ಮೊದಲು ಸೇರಿದ ಸಂಸ್ಥೆಯವರು ಐದು ತಿಂಗಳ ಸಂಬಳ ಬಾಕಿ ಉಳಿಸಿದರು. ಬೈಕಿನ ಪೆಟ್ರೋಲ್ ನನ್ನದೇ, ಟೈರ್ ಸವೆದದ್ದೂ ನನ್ನದೇ. ಬಿಲ್ ಕೊಟ್ಟರೆ ‘ಇದರಲ್ಲಿ ಸೀಲ್ ಇಲ್ಲ’ ಅಂದರು. ಆದರೆ ಕೆಲಸ ಕಲಿತದ್ದು ಹಳ್ಳಿಯಲ್ಲೇ. ಎಲ್ಲರೂ ಬೆಂಗಳೂರು ಬೆಂಗಳೂರು ಅಂತೀರಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿ ಹುಟ್ಟಿದ್ದು ನಮ್ಮ ಪಕ್ಕದ ಬಳ್ಳಾರಿಯಲ್ಲಿ, 1985ರಲ್ಲಿ. ನಿಮ್ಹಾನ್ಸ್‌ನವರೇ ಬಂದು ಮಾಡಿದ್ದು. ಅದನ್ನೇ ಆಮೇಲೆ ದೇಶಕ್ಕೆಲ್ಲ ಹಬ್ಬಿಸಿದರು.

ಹರಿಹರದ ಹುಡುಗ: ಬೆಂಗಳೂರು ದೂರ ಏನೂ ಅಲ್ಲ. ದಾವಣಗೆರೆಯಲ್ಲಿ ಈಗ ವಂದೇ ಭಾರತ್ ನಿಲ್ಲುತ್ತದೆ.

ಕೋಟೆ ಕೆಳಗಿನವ: ನಿಲ್ಲುವುದು ನಿಮ್ಮ ದಾವಣಗೆರೆಯಲ್ಲಿ! ಕೇಳಿದವರು ದುರ್ಗದವರು. ದುರ್ಗದ ಮೇಲೆ ಹೋಗುವ ತುಮಕೂರು–ದಾವಣಗೆರೆ ನೇರ ರೈಲು ಅಂತ ಕೇಳಿ ಕೇಳಿ ನನ್ನ ತಲೆಗೂದಲು ಬೆಳ್ಳಗಾಯಿತು. ಎಲ್ಲ ಸಿಕ್ಕಿದ್ದು ನಿಮಗೇ.

ಹರಿಹರದ ಹುಡುಗ: ನಾನು ಹರಿಹರದವನು ಸ್ವಾಮಿ. ನಮ್ಮಲ್ಲಿ ವಂದೇ ಭಾರತ್ ನಿಲ್ಲುವುದೇ ಇಲ್ಲ.

ದುರ್ಗದ ಅಪ್ಪ: ರೈಲು ಇರಲಿ. ಕನ್ನಡ ಮಾಧ್ಯಮದವಳಿಗೆ ಕಷ್ಟ ಆಗುತ್ತದಾ, ಅದನ್ನು ಯಾರೂ ಹೇಳಲಿಲ್ಲ.

ಜಗಳೂರು ಎಂಎಸ್‌ಡಬ್ಲ್ಯೂ: ಮೊದಲ ವರ್ಷ ಅಳುತ್ತಾಳೆ. ಪುಸ್ತಕ ಎಲ್ಲ ಇಂಗ್ಲಿಷ್. ನಾನು ಒಂದು ಪುಟಕ್ಕೆ ಒಂದು ಸಂಜೆ ಕಳೆದದ್ದುಂಟು. ಆದರೆ ಫೀಲ್ಡಿಗೆ ಇಳಿದಾಗ ಇಂಗ್ಲಿಷ್ ಮಾಧ್ಯಮದವರು ಬಾಯಿ ಬಿಡುವುದಿಲ್ಲ. ‘ಎದೆ ಡವಡವ ಅಂತದೆ, ಹೊಟ್ಟೆಯಲ್ಲಿ ಏನೋ ಸಂಕಟ’ ಅಂತ ಅಜ್ಜಿ ಹೇಳಿದರೆ ಆತಂಕ ಅಂತ ಹೊಳೆಯಬೇಕಲ್ಲ. ಮಕ್ಕಳ ಐಕ್ಯೂ ನೋಡುವ ಬಿನೆ–ಕಾಮತ್ ಪರೀಕ್ಷೆ ಇದೆಯಲ್ಲ, ಅದನ್ನು ಕಾಮತರು ತಯಾರು ಮಾಡಿದ್ದೇ ಕನ್ನಡ, ಮರಾಠಿ ಮಕ್ಕಳಿಗೆ. ಮೈಸೂರಿನಲ್ಲಿ 1935ರಲ್ಲಿ ಆಕಾಶವಾಣಿ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿಯವರೂ ಮನಃಶಾಸ್ತ್ರದ ಪ್ರೊಫೆಸರೇ.

ಪಿ.ಬಿ. ರಸ್ತೆ: ರೇಡಿಯೊ ಶುರು ಮಾಡಲು ಅವರಿಗೆ ಯಾವ ಮಂಡಳಿಯ ನಂಬರ್ ಇತ್ತು ಅಂತ ವಾಣಿಯವರನ್ನು ಕೇಳಿ.

ವಿದ್ಯಾನಗರ ವಾಣಿ: ರೇಡಿಯೊ ಕೇಳಿ ಯಾರೂ ಮಾತ್ರೆ ನಿಲ್ಲಿಸುವುದಿಲ್ಲ. ಡಿಪ್ಲೊಮಾದವರ ಮಾತು ಕೇಳಿ ಮಾತ್ರೆ ನಿಲ್ಲಿಸಿದವರನ್ನು ನಾನು ನೋಡಿದ್ದೇನೆ. ದುರ್ಗದ ಅಪ್ಪ ಅವರೇ, ನನ್ನ ಹಳೆಯ ಸ್ಟ್ಯಾಟಿಸ್ಟಿಕ್ಸ್ ನೋಟ್ಸ್ ಇದೆ. ಅರ್ಧ ಕನ್ನಡದಲ್ಲೇ ಬರೆದುಕೊಂಡಿದ್ದೆ. ಬೇಕಾದರೆ ಜೆರಾಕ್ಸ್ ಮಾಡಿಸಿ ಬಸ್ಸಿಗೆ ಹಾಕುತ್ತೇನೆ. ಜೆರಾಕ್ಸಿನ ದುಡ್ಡು ಮಾತ್ರ ನೀವೇ ಕೊಡಬೇಕು.