ಅಪ್‌ಡೇಟ್: ಮಸ್ಟಾಂಗ್‌ನ 'ಟಕ್' ಶಬ್ದ ಕೊನೆಗೂ ನಿಂತಿತು

ಬ್ರೇಕ್ ಒತ್ತಿದಾಗಲೆಲ್ಲ ನನ್ನ 1967ರ ಫೋರ್ಡ್ ಮಸ್ಟಾಂಗ್ ಕಾರಿನ ಮುಂದಿನ ಎಡಗಡೆ 'ಟಕ್' ಅನ್ನುತ್ತದೆ ಅಂತ ಹೋದ ವಾರ ಕೇಳಿದ್ದೆನಲ್ಲ, ಕಳ್ಳ ಸಿಕ್ಕಿಬಿದ್ದ. ಸ್ಟ್ರಟ್ ರಾಡ್ ಬುಷ್, ಅಂದರೆ ಚಕ್ರ ಹಿಂದೆ ಮುಂದೆ ಜಗ್ಗದಂತೆ ಹಿಡಿಯುವ ಸರಳಿನ ತುದಿಯ ರಬ್ಬರ್!

ಮೊದಲು ಸ್ವೇ ಬಾರ್ ಲಿಂಕ್ (ತಿರುವಿನಲ್ಲಿ ಗಾಡಿ ಹೆಚ್ಚು ವಾಲದಂತೆ ತಡೆಯುವ ಸರಳಿನ ಕೊಂಡಿ) ಬದಲಾಯಿಸಿದೆ. ಸುಮ್ನೆ ದುಡ್ಡು ದಂಡ. ಚಕ್ರದ ಕೀಲಾದ ಬಾಲ್ ಜಾಯಿಂಟ್‌ನಲ್ಲೂ ಪ್ಲೇ (ಸಡಿಲ) ಇರಲಿಲ್ಲ. "ನಿಧಾನಕ್ಕೆ ಹಿಂದೆ ಮುಂದೆ ಓಡಿಸುತ್ತಾ ಬ್ರೇಕ್ ಒತ್ತಿಸಿ, ನೀವು ಹೊರಗೆ ನಿಂತು ಚಕ್ರ ನೋಡಿ" ಎಂದವರಿಗೆ ದೊಡ್ಡ ಥ್ಯಾಂಕ್ಸ್. ಹೆಂಡತಿ ಬ್ರೇಕ್ ಒತ್ತಿದಳು, ಚಕ್ರ ಹಿಂದಕ್ಕೆ ಜಗ್ಗಿತು. ಮಿಷಿಗನ್‌ ರಸ್ತೆಗೆ ಹಿಮ ಕರಗಲೆಂದು ಸುರಿಯುವ ಉಪ್ಪಿಗೆ ಆ ರಾಡಿನ ನಟ್ ತುಕ್ಕು ಹಿಡಿದಿತ್ತು, ಬಿಚ್ಚುವಷ್ಟರಲ್ಲಿ ಅರ್ಧ ದಿನ ಹೋಯಿತು. ಒಳಗಿನ ರಬ್ಬರ್ ಹಪ್ಪಳದ ಹಾಗೆ ಮುರಿಯಿತು.

ಜೊತೆಗೇ ಕೆಳಗಿನ ಕಂಟ್ರೋಲ್ ಆರ್ಮ್‌ಗೆ (ಚಕ್ರವನ್ನು ಗಾಡಿಗೆ ಜೋಡಿಸುವ ತೋಳು) ಹೊಸ ಬುಷ್ ಕೂಡ ಹಾಕಿದೆ. ಅದರ ಬೋಲ್ಟನ್ನು ಗಾಡಿ ಜಾಕ್ ಮೇಲಿರುವಾಗ ಪೂರ್ತಿ ಬಿಗಿ ಮಾಡಬಾರದಂತೆ, ನನಗೆ ಗೊತ್ತೇ ಇರಲಿಲ್ಲ! ಚಕ್ರದ ಮೇಲೆ ಭಾರ ಬಿದ್ದ ಮೇಲೇ ಬಿಗಿಯಬೇಕು, ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಸ್ಪ್ರಿಂಗ್ ಪರ್ಚ್ (ಸ್ಪ್ರಿಂಗ್ ಕೂರುವ ಪೀಠ) ಇನ್ನೂ ಕಿರ್ ಅನ್ನುತ್ತಿದೆ. ಅದು ಮುಂದಿನ ಭಾನುವಾರದ ಕೆಲಸ.